45 ವರ್ಷದ ಮನೆ: ತಪಾಸಣೆಗೆ ಬರುವವರು ಏನೇನು ನೋಡುತ್ತಾರೆ?

ಬಾಗಿಲಾಚೆ:

ಎಲ್ಲರಿಗೂ ನಮಸ್ಕಾರ. ನಾನೂ ನಮ್ಮವರೂ ಒಂದು ಹಳೆ ಮನೆ ನೋಡಿ ಬಂದಿದ್ದೇವೆ. ಕಟ್ಟಿ 45 ವರ್ಷ ಆಗಿದೆಯಂತೆ. ಇಟ್ಟಿಗೆ ಗೋಡೆ, ಮೇಲೆ ತಾರಸಿ. ಹಿಂದಿನ ಎರಡು ಕೋಣೆಗೆ ಮಾತ್ರ ಮರದ ತೊಲೆ ಹಾಕಿ ಹೆಂಚು ಹೊದಿಸಿದ್ದಾರೆ. ನನಗೆ ಮನೆ ತುಂಬ ಹಿಡಿಸಿತು. ಆದರೆ ಮೂರು ವಿಷಯ ತಲೆಯಲ್ಲಿ ಕೊರೆಯುತ್ತಿವೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಮೇಲಕ್ಕೆ ಹೋಗಿದೆ. ಒಳಕೋಣೆಯ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಹಾಲ್‌ನಲ್ಲಿ ಒಂದೇ ಒಂದು ಗೋಡೆಗೆ ಹೊಸ ಬಣ್ಣ ಬಳಿದಿದ್ದಾರೆ.

ನಮ್ಮವರು "ಹಳೇ ಮನೆ ಅಂದ್ರೆ ಗಟ್ಟಿ, ಸುಮ್ನೆ ಹೆದರಬೇಡ" ಅನ್ನುತ್ತಾರೆ. ಸೋಮವಾರ ತಪಾಸಣೆಗೆ ಒಬ್ಬರನ್ನು ಕರೆದಿದ್ದೇವೆ. ಅವರು ಏನೇನು ನೋಡುತ್ತಾರೆ? ನಾನೂ ಅವರ ಜೊತೆ ಸುತ್ತಾಡಿದರೆ ಬೇಜಾರು ಮಾಡಿಕೊಳ್ಳುತ್ತಾರಾ?

ಸುತ್ತಿಗೆ ಟಾರ್ಚು:

ಮೇಡಂ, ನಾನು ಇದೇ ಕೆಲಸದವನು. 22 ವರ್ಷದಿಂದ ಬೇರೆಯವರ ಮನೆಯ ಅಟ್ಟ ಹತ್ತಿ ಇಳಿಯುತ್ತಿದ್ದೇನೆ. ಜೊತೆಯಲ್ಲಿ ಧಾರಾಳವಾಗಿ ಸುತ್ತಾಡಿ. ವರದಿಯಲ್ಲಿ "ಸಣ್ಣ ಬಿರುಕು ಕಂಡಿದೆ" ಎಂದು ಓದುವುದೇ ಬೇರೆ, ಆ ಬಿರುಕಿನ ಮುಂದೆ ನಿಂತು ನೋಡುವುದೇ ಬೇರೆ. ಬೇಡ ಅನ್ನುವವರಾದರೆ ಬೇರೆಯವರನ್ನು ಕರೆಯಿರಿ.

ನಿಮ್ಮ ಯಜಮಾನರ ಮಾತಿಗೆ ಒಂದೇ ಉತ್ತರ. ಗಟ್ಟಿ ಇಲ್ಲದ ಹಳೇ ಮನೆಗಳು ಆಗಲೇ ಬಿದ್ದುಹೋಗಿವೆ. ಉಳಿದವನ್ನು ನೋಡಿ ಎಲ್ಲವೂ ಗಟ್ಟಿ ಅನ್ನುತ್ತೇವೆ, ಅಷ್ಟೇ.

ನಾನು ಮನೆಯೊಳಗೆ ಹೋಗುವ ಮೊದಲು ಹೊರಗೆ ಒಂದು ಸುತ್ತು ಬರುತ್ತೇನೆ. ಹುಡುಕುವುದು ಒಂದೇ: ನೀರು. ಮಳೆ ನೀರು ಎಲ್ಲಿ ಬೀಳುತ್ತದೆ, ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ? ಮನೆ ಸುತ್ತಲಿನ ನೆಲ ಗೋಡೆಯಿಂದ ಆಚೆಗೆ ಇಳಿಜಾರಾಗಿರಬೇಕು. ಹಳೇ ಮನೆಗಳಲ್ಲಿ ವರ್ಷ ವರ್ಷ ಮಣ್ಣು ಸೇರಿ, ಅದರ ಮೇಲೆ ಕಲ್ಲು ಹಾಸಿ, ಹೊರಗಿನ ನೆಲವೇ ಮೇಲೆ ಬಂದಿರುತ್ತದೆ. ಆಗ ನೀರು ಪಾಯದ ಕಡೆಗೇ ಇಳಿಯುತ್ತದೆ. ತೇವ, ಗೆದ್ದಲು, ಕೊಳೆತ ಚೌಕಟ್ಟು, ತುಕ್ಕು ಹಿಡಿದ ಕಂಬಿ, ಬಿರುಕು. ನಾನು ಬರೆದ ವರದಿಗಳಲ್ಲಿ ಮುಕ್ಕಾಲು ಪಾಲು ಕಾಯಿಲೆಯ ಬೇರು ಹೋಗಿ ನಿಲ್ಲುವುದು ನೀರಿನ ಹತ್ತಿರವೇ.

ಇನ್ನು ಆ ಹೊಸ ಬಣ್ಣದ ಗೋಡೆ. ನಾಲ್ಕು ಗೋಡೆಯಲ್ಲಿ ಒಂದಕ್ಕೆ ಮಾತ್ರ ಬಣ್ಣ ಬಳಿದಿದ್ದಾರೆ ಅಂದರೆ ನಾನು ಮೊದಲು ಕೈ ಇಡುವುದು ಅಲ್ಲೇ. ಬೆರಳ ಗೆಣ್ಣಿನಿಂದ ಕೆಳಗಿನಿಂದ ಮೇಲಕ್ಕೆ ತಟ್ಟುತ್ತಾ ಹೋಗಿ. ಪ್ಲಾಸ್ಟರ್ ಬಿಟ್ಟುಕೊಂಡಿದ್ದರೆ ಟೊಳ್ಳು ಸದ್ದು ಬರುತ್ತದೆ. ನೆಲದಿಂದ ಏರುವ ತೇವ ಸಾಮಾನ್ಯವಾಗಿ ಒಂದು ಮೀಟರ್ ಆಸುಪಾಸಿಗೆ ನಿಂತುಬಿಡುತ್ತದೆ. ಹಾಗಾಗಿ ಸೊಂಟದ ಕೆಳಗಷ್ಟೇ ಹಾಳಾಗಿದ್ದರೆ ನೆಲದ ಕಡೆಗೆ ಅನುಮಾನ. ಮೇಲಿನ ಮೂಲೆಯಲ್ಲಿ ಕಂದು ಬಣ್ಣದ ಉಂಗುರ ಉಂಗುರ ಕಲೆ ಇದ್ದರೆ ತಾರಸಿ ಅಥವಾ ಮೇಲಿನ ಪೈಪಿನ ಕಡೆಗೆ. ಗೋಡೆಯಲ್ಲಿ ಬಿಳಿ ಪುಡಿ ಉದುರುತ್ತಿದ್ದರೆ ಅದು ನೀರು ಹೊತ್ತು ತಂದ ಉಪ್ಪು. ನೀರು ಆರಿ ಹೋಗಿದೆ, ಉಪ್ಪು ಉಳಿದಿದೆ. ನನ್ನ ಹತ್ತಿರ ತೇವ ಅಳೆಯುವ ಮೀಟರ್ ಇದೆ, ಆದರೆ ಅದೇ ಉಪ್ಪು ಅದರ ಲೆಕ್ಕ ತಪ್ಪಿಸುತ್ತದೆ. ಮೂಗೇ ವಾಸಿ. ಮುಚ್ಚಿಟ್ಟ ಕಪಾಟು ತೆಗೆದ ತಕ್ಷಣ ಬರುವ ಮುಗ್ಗಲು ವಾಸನೆಯನ್ನು ಬಣ್ಣ ಬಳಿದು ಮುಚ್ಚಲು ಆಗುವುದಿಲ್ಲ.

ಬಿರುಕಿನ ವಿಚಾರ. ಬಿರುಕು ಇಲ್ಲದ ಹಳೇ ಮನೆ ನಾನಂತೂ ನೋಡಿಲ್ಲ. ಅದು ಇನ್ನೂ ಜೀವಂತ ಇದೆಯಾ, ಸತ್ತಿದೆಯಾ ಎನ್ನುವುದು ಪ್ರಶ್ನೆ. ಒಳಗೆ ಧೂಳು, ಜೇಡರ ಬಲೆ, ಹಳೇ ಬಣ್ಣ ಸೇರಿಕೊಂಡಿದ್ದರೆ ಅದು ಯಾವುದೋ ಕಾಲದ್ದು. ಅಂಚು ಚೂಪಾಗಿ, ಒಳಗೆ ತಾಜಾ ಬಣ್ಣದ ಇಟ್ಟಿಗೆ ಕಂಡರೆ ಇತ್ತೀಚಿನದು. ಕೂದಲೆಳೆಯಂತೆ 1 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ನಾನು ಬರೆದುಕೊಂಡು ಮುಂದೆ ಹೋಗುತ್ತೇನೆ. 5 ಮಿಲಿಮೀಟರ್ ದಾಟಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಲೇಬೇಕು ಎಂದು ಬರೆಯುತ್ತೇನೆ. ಓರೆ ಬಿರುಕು ಮೇಲೆ ಅಗಲ, ಕೆಳಗೆ ಸಣ್ಣ ಇದ್ದರೆ ಮನೆಯ ಒಂದು ತುದಿ ಕುಸಿಯುತ್ತಿರಬಹುದು. ನಿಮ್ಮ ಬಾಗಿಲು ಅದೇ ಕಡೆ ಇದೆಯಾ? ಇದ್ದರೆ ಎರಡೂ ಒಂದೇ ಕಥೆ ಹೇಳುತ್ತಿವೆ. ಬಾಗಿಲು ಬೇರೆ ಕಡೆ ಇದ್ದರೆ ಸುಮ್ನೆ ಮರ ಉಬ್ಬಿರಲೂಬಹುದು. ನಾನು ಜೇಬಿನಲ್ಲಿ ಒಂದು ಗೋಲಿ ಇಟ್ಟುಕೊಂಡಿರುತ್ತೇನೆ. ನೆಲದ ಮೇಲೆ ಬಿಟ್ಟರೆ ಯಾವ ಕಡೆ ಉರುಳುತ್ತದೆ ಎಂದು ಮಕ್ಕಳೂ ಖುಷಿಯಿಂದ ನೋಡುತ್ತಾರೆ.

ತಾರಸಿಯ ಒಳಮೈ ಮರೆಯಬೇಡಿ. ಕಾಂಕ್ರೀಟು ಹೊಸದಾಗಿದ್ದಾಗ ಒಳಗಿನ ಕಂಬಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ವರ್ಷಗಳು ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗೆ ಇಳಿದು ಆ ಕಾವಲು ಹೋಗುತ್ತದೆ. ಆಮೇಲೆ ತೇವ ಸಿಕ್ಕರೆ ತುಕ್ಕು. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಕು, ಹಾಗಾಗಿ ಕಾಂಕ್ರೀಟನ್ನೇ ಒಳಗಿನಿಂದ ಒಡೆದು ಬೀಳಿಸುತ್ತದೆ. ಕಂಬಿ ಹೋದ ದಾರಿಯಲ್ಲೇ ನೇರ ಗೆರೆಯಂಥ ಬಿರುಕು ಇದೆಯಾ ನೋಡಿ.

ಮರದ ತೊಲೆಗೆ ಸ್ಕ್ರೂಡ್ರೈವರ್ ಸಾಕು. ಗೋಡೆಯೊಳಗೆ ಕೂತ ತುದಿಯಲ್ಲಿ ಮೆಲ್ಲಗೆ ಚುಚ್ಚಿ. ಮೊದಲು ಕೊಳೆಯುವುದು ಅಲ್ಲೇ. ಬೆಣ್ಣೆಯಂತೆ ಒಳಗೆ ಹೋದರೆ ಮುಂದಿನ ಮಾತು ಬೇಡ. ಗೋಡೆ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಕೊಳವೆ ಕಂಡರೆ ಗೆದ್ದಲು. ಕೊಳವೆ ಒಣಗಿದೆ ಎಂದ ಮಾತ್ರಕ್ಕೆ ಗೆದ್ದಲು ಹೋಗಿದೆ ಎಂದಲ್ಲ.

ಕರೆಂಟಿನ ವಿಷಯ ಬೇರೆಯವರು ಹೇಳಲಿ, ನನ್ನ ಬೆರಳು ಸೋತಿತು.

ಮೂರನೇ ವೈರು:

ಹೇಳುತ್ತೇನೆ. ನಾನು ಎಲೆಕ್ಟ್ರಿಷಿಯನ್. ಸಾಕೆಟ್‌ನಲ್ಲಿ ಮೂರು ತೂತು ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದು ನಂಬಬೇಡಿ. ಎಷ್ಟೋ ಹಳೇ ಮನೆಗಳಲ್ಲಿ ಸಾಕೆಟ್ ಮಾತ್ರ ಹೊಸದು, ಹಿಂದೆ ಇರುವುದು ಎರಡೇ ವೈರು. ಟೆಸ್ಟರ್ ಹಾಕಿ ನೋಡಲು ಹೇಳಿ. ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ತಾನೇ ಆಫ್ ಆಗುವ ಸ್ವಿಚ್) ಇದೆಯಾ, ಅದರ ಟೆಸ್ಟ್ ಗುಂಡಿ ಒತ್ತಿದರೆ ಆಫ್ ಆಗುತ್ತದೆಯಾ ನೋಡಿ. ಬರೀ ಫ್ಯೂಸ್ ಇದ್ದರೆ ಅದು ವೈರನ್ನು ಕಾಯುತ್ತದೆ, ಮನುಷ್ಯರನ್ನಲ್ಲ. ಅಲ್ಯೂಮಿನಿಯಂ ವೈರಿಂಗ್ ಇದ್ದರೆ ಜೋಡಣೆಗಳು ಸಡಿಲವಾಗಿ ಬಿಸಿಯಾಗುತ್ತವೆ. ಸ್ವಿಚ್ ಸುತ್ತ ಕಂದಿದ ಗುರುತು ಇದೆಯಾ ಗಮನಿಸಿ. ಮುಚ್ಚಳ ಮಾತ್ರ ನೀವು ತೆಗೆಯಲು ಹೋಗಬೇಡಿ.

ಅಟ್ಟದ ಬೆಕ್ಕು:

ನನ್ನ ಗೋಳೂ ಕೇಳಿ. ನಾವು ತಪಾಸಣೆ ಮಾಡಿಸಿಯೇ ಕೊಂಡದ್ದು. ವರದಿ ಚೆನ್ನಾಗಿತ್ತು. ಮನೆಗೆ ಬಂದ ಮೊದಲ ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಕಂದು ನೀರು! ಜಿಐ ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು, ಒಳಗೆಲ್ಲ ತುಕ್ಕು ಕಟ್ಟಿ, ಬೆರಳು ದಪ್ಪದ ದಾರಿ ಪೆನ್ನಿನ ರೀಫಿಲ್‌ನಷ್ಟಾಗಿತ್ತು. ತಪಾಸಣೆ ದಿನ ಒಂದೊಂದೇ ನಲ್ಲಿ ಬಿಟ್ಟು ನೋಡಿದ್ದರು. ಎರಡು ಮೂರು ಒಟ್ಟಿಗೆ ಬಿಟ್ಟಿದ್ದರೆ ಅಂದೇ ಗೊತ್ತಾಗುತ್ತಿತ್ತು. ರಾತ್ರಿಯಿಡೀ ಬಳಸದ ನಲ್ಲಿಯ ಮೊದಲ ನೀರನ್ನು ಬಿಳಿ ಪಾತ್ರೆಗೆ ಹಿಡಿದು ನೋಡಿ.

ಸುತ್ತಿಗೆ ಟಾರ್ಚು:

ಹೌದು, ಅದು ನಮ್ಮವರ ಸೋಮಾರಿತನ. ಒಂದು ಮಾತು ಸೇರಿಸುತ್ತೇನೆ. ಪೈಪಿಗೆ ಆಯಸ್ಕಾಂತ ಹಿಡಿಯಿರಿ. ಅಂಟಿದರೆ ಕಬ್ಬಿಣ. ಅಂಟದೆ, ಮಾಸಲು ಬೂದು ಬಣ್ಣದ್ದಾಗಿ, ಗೀಚಿದರೆ ಬೆಳ್ಳಿಯಂತೆ ಹೊಳೆದರೆ ಸೀಸ ಇರಬಹುದು. ಕುಡಿಯುವ ನೀರಿನ ಪೈಪಾದರೆ ಬದಲಾಯಿಸಲೇಬೇಕು. ಹಾಗೆಯೇ ಹಿಂದೆ ಎಲ್ಲಾದರೂ ಹಳೇ ಸಿಮೆಂಟ್ ಶೀಟು ಇದ್ದರೆ ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇದೆ ಎಂದೇ ತಿಳಿದುಕೊಳ್ಳಿ. ಕಣ್ಣಲ್ಲಿ ಗೊತ್ತಾಗುವುದಿಲ್ಲ, ಲ್ಯಾಬಿಗೆ ಕಳಿಸಬೇಕು. ಸುಮ್ಮನಿದ್ದರೆ ಅಪಾಯ ಕಡಿಮೆ, ಕೊರೆದರೆ, ಕತ್ತರಿಸಿದರೆ ಅದರ ಎಳೆ ಗಾಳಿಗೆ ಸೇರುತ್ತದೆ.

ಬಾಗಿಲಾಚೆ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಸೋಮವಾರದವರೆಗೆ ತಡೆಯಲಾಗದೆ ನಿನ್ನೆ ಸಂಜೆ ಮತ್ತೆ ಹೋಗಿ ಬಂದೆ. ಬಾಗಿಲು ಬಿರುಕಿನ ಕಡೆ ಇಲ್ಲ, ಬೇರೆ ಮೂಲೆಯಲ್ಲಿದೆ. ಬಿರುಕಿನ ತುಂಬ ಹಳೇ ಬಣ್ಣ. ಅರ್ಧ ಜೀವ ಬಂತು. ಆದರೆ ಹೊಸ ಬಣ್ಣದ ಗೋಡೆಯನ್ನು ತಟ್ಟಿದರೆ ಮೊಣಕಾಲಿನವರೆಗೂ ಟೊಳ್ಳು. ಅದರ ಹಿಂದಿನ ಕೋಣೆಯಲ್ಲಿ ಗೋಡೆಗೆ ಒತ್ತಿ ದೊಡ್ಡ ಕಪಾಟು ಇಟ್ಟಿದ್ದಾರೆ. ತಪಾಸಣೆಯವರು ಅದನ್ನು ಸರಿಸಿ ನೋಡುತ್ತಾರೆ ಅಲ್ವಾ?

ಸುತ್ತಿಗೆ ಟಾರ್ಚು:

ಇಲ್ಲ ಮೇಡಂ, ಅದನ್ನೇ ಹೇಳಬೇಕಿತ್ತು. ನಾವು ಸಾಮಾನು ಸರಿಸುವುದಿಲ್ಲ, ಗೋಡೆ ಒಡೆಯುವುದಿಲ್ಲ. ವರದಿಯ ಕೊನೆ ಪುಟದಲ್ಲಿ ಸಣ್ಣ ಅಕ್ಷರದಲ್ಲಿ "ನೋಡಲು ಆಗಲಿಲ್ಲ" ಎಂದು ಒಂದು ಸಾಲು ಇರುತ್ತದೆ. ಮಾರುವವರಿಗೆ ಇವತ್ತೇ ಫೋನ್ ಮಾಡಿ, ಸೋಮವಾರದ ಹೊತ್ತಿಗೆ ಕಪಾಟು ಖಾಲಿ ಮಾಡಿ ಈಚೆಗೆ ಎಳೆಸಿಡಲು ಹೇಳಿ. ಆಗುವುದಿಲ್ಲ ಅಂದರೆ ಇಲ್ಲಿ ಬಂದು ಬರೆಯಿರಿ.

ಬಾಗಿಲಾಚೆ:

ಫೋನ್ ಮಾಡಿದೆ. "ತುಂಬ ಭಾರ ಇದೆ, ನೋಡೋಣ" ಅಂದರು. ನಮ್ಮವರು ಇಬ್ಬರು ಸ್ನೇಹಿತರನ್ನು ಕರೆದುಕೊಂಡು ಬರುತ್ತೇನೆ ಅಂದಿದ್ದಾರೆ. ಗೋಲಿಯನ್ನೂ ಅವರೇ ತರುತ್ತಾರಂತೆ.