ಹದಿನಾಲ್ಕು ಜಿಗಿತಗಳು ಬಾಕಿ ಇರುವಾಗ

ಕಾಕಾ (ಹಾವೇರಿ), ರಾತ್ರಿ 8:40
[ವೀಡಿಯೊ]
ಎಲ್ಲರೂ ಇದನ್ನು ಕೊನೆಯವರೆಗೆ ನೋಡಿರಿ. ಆಸ್ಟ್ರೇಲಿಯಾದಲ್ಲಿ ಸ್ಕೈಡೈವಿಂಗ್ ಕಲಿಯುತ್ತಿದ್ದ ಹುಡುಗನಿಗೆ ವಿಮಾನದಿಂದ ಜಿಗಿದ ಮೇಲೆ ಆಕಾಶದಲ್ಲಿಯೇ ಫಿಟ್ಸ್ ಬಂದು, ಮೈಮೇಲೆ ಎಚ್ಚರವಿಲ್ಲದೆ ಬೆನ್ನಡಿಯಾಗಿ ಬೀಳುತ್ತಿದ್ದಾನೆ. ನಮ್ಮ ಮನೆಯ ಹುಡುಗಿ ಕಲಿಯುತ್ತಿರುವುದು ಇದನ್ನೇ. ಹನ್ನೊಂದು ಜಿಗಿತ ಮುಗಿದಿವೆ, ಹದಿನಾಲ್ಕು ಉಳಿದಿವೆ ಎಂದು ದೀಪಾವಳಿಯ ರಜೆಗೆ ಮತ್ತೆ ಥಾಯ್ಲೆಂಡಿಗೆ ಟಿಕೆಟ್ ನೋಡುತ್ತಿದ್ದಾಳೆಂದು ಕೇಳಿದೆ. ತಂಗಿ, ಹನ್ನೊಂದಕ್ಕೇ ಸಾಕು ಮಾಡು ಎಂಬುದು ನನ್ನ ಮಾತು.

ಅತ್ತಿ (ಹುಬ್ಬಳ್ಳಿ), 8:52
ನನಗೆ ಅರ್ಧಕ್ಕಿಂತ ಹೆಚ್ಚು ನೋಡಲು ಆಗಲಿಲ್ಲ. ಕೈಕಾಲು ತಣ್ಣಗಾದವು.

ನಾನು, 9:15
ಕಾಕಾ, ಈ ವೀಡಿಯೊ 2015ರಲ್ಲಿ ಜಗತ್ತೆಲ್ಲ ಹರಿದಾಡಿದ್ದು. ತರಬೇತಿಗೆ ಸೇರುವ ಮೊದಲೇ ನಾನು ಇದನ್ನು ಹತ್ತಾರು ಸಲ ನೋಡಿದ್ದೇನೆ. ಆ ಹುಡುಗ ಬದುಕಿದ. ಅವನು ಜಿಗಿದದ್ದು 12,000 ಅಡಿಯಿಂದ. ಜೊತೆಗೆ ಜಿಗಿದಿದ್ದ ತರಬೇತುದಾರರು ಮೊದಲ ಯತ್ನದಲ್ಲಿ ಹಿಡಿಯಲಾಗದೆ, ಎರಡನೆಯ ಯತ್ನದಲ್ಲಿ ಸುಮಾರು 4,000 ಅಡಿ ಎತ್ತರದಲ್ಲಿ ಅವನನ್ನು ತಲುಪಿ ಪ್ಯಾರಾಶೂಟಿನ ಹಿಡಿಕೆಯನ್ನು ಎಳೆದರು. ಸುಮಾರು 3,000 ಅಡಿಯಲ್ಲಿ ಅವನಿಗೆ ಎಚ್ಚರವಾಯಿತು, ಕ್ಷೇಮವಾಗಿ ನೆಲಕ್ಕಿಳಿದ. ಅತ್ತಿ, ದಯವಿಟ್ಟು ಉಳಿದರ್ಧವನ್ನೂ ನೋಡಿರಿ, ಏಕೆಂದರೆ ತರಬೇತುದಾರರೊಬ್ಬರು ಪಕ್ಕದಲ್ಲಿ ಜಿಗಿಯುವುದು ಏತಕ್ಕೆಂಬುದು ಆ ಅರ್ಧದಲ್ಲಿದೆ.

ಅಣ್ಣ (ಧಾರವಾಡ), 9:21
ಆಸೆಯೇ ಇದ್ದರೆ ಒಂದು ಟ್ಯಾಂಡಮ್ ಜಿಗಿತ ಮಾಡಿ ಬರಬಹುದಿತ್ತಲ್ಲ? ಮೈಸೂರಿನಲ್ಲಿಯೂ ಹಿಂದೆ ನಡೆದಿದ್ದವು. ಲೈಸೆನ್ಸಿನ ಗೋಜು ಏಕೆ? ಅದರ ಮೇಲೆ, ನಾಲ್ಕನೆಯ ಹಂತದಲ್ಲಿ ನೀನು ನಪಾಸಾದೆ ಎಂದು ಅವ್ವ ಹೇಳಿದಳು.

ನಾನು, 9:48
ಅಣ್ಣ, ಟ್ಯಾಂಡಮ್‌ನಲ್ಲಿ ನಾವು ತರಬೇತುದಾರರ ಎದೆಗೆ ಕಟ್ಟಿದ ಗಂಟು. ಪ್ಯಾರಾಶೂಟು ಅವರದು, ನಿರ್ಧಾರವೂ ಅವರದು. ನನಗೆ ಬೇಕಾಗಿರುವುದು ನನ್ನ ಪ್ಯಾರಾಶೂಟನ್ನು ನಾನೇ ಬಿಚ್ಚಿ, ನಾನೇ ನಡೆಸಿ, ನಾನೇ ಇಳಿಯುವುದು. ನಾನು ಕಲಿಯುವ ಕಡೆ ಅಮೆರಿಕದ ಪ್ಯಾರಾಶೂಟ್ ಸಂಘದ ನಿಯಮಗಳಿವೆ. ಅದರ ಮೊದಲ ಲೈಸೆನ್ಸಿಗೆ, ಅಂದರೆ ಎ ಲೈಸೆನ್ಸಿಗೆ, ಕನಿಷ್ಠ 25 ಜಿಗಿತಗಳು ಆಗಬೇಕು, ಜೊತೆಗೆ ಪರೀಕ್ಷೆಯೂ ಇದೆ. ಗುರಿಯಿಂದ 20 ಮೀಟರಿನೊಳಗೆ ಐದು ಸಲವಾದರೂ ಇಳಿದು ತೋರಿಸಬೇಕು, ಪ್ಯಾರಾಶೂಟನ್ನು ಯಾರ ನೆರವೂ ಇಲ್ಲದೆ ಮಡಚಿ ಚೀಲಕ್ಕೆ ತುಂಬಬೇಕು. ಮೊದಲ ಸಲ ಮಡಚಲು ನನಗೆ ಒಂದೂವರೆ ತಾಸು ಹಿಡಿಯಿತು. ನೈಲಾನು ಬಟ್ಟೆ ಹೊಸ ಸೀರೆಯ ನೆರಿಗೆಯಂತೆ ಜಾರುತ್ತಲೇ ಇರುತ್ತದೆ. ಒಳಗಿನ ಗಾಳಿಯನ್ನು ಹೊರಗೆ ಹಾಕಲು ಅದರ ಮೇಲೆ ಮಲಗಿಯೇ ಬಿಡಬೇಕಾಗುತ್ತದೆ, ಎದ್ದ ಕೂಡಲೇ ಒಂದು ಮೂಲೆ ಮತ್ತೆ ಉಬ್ಬಿಕೊಳ್ಳುತ್ತದೆ.

ನಪಾಸಾದದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಮೊದಲ ಮೂರು ಹಂತಗಳಲ್ಲಿ ಇಬ್ಬರು ತರಬೇತುದಾರರು ಎರಡೂ ಕಡೆ ಹಿಡಿದುಕೊಂಡು ಜಿಗಿಯುತ್ತಾರೆ. ನಾಲ್ಕನೆಯದರಲ್ಲಿ ಒಬ್ಬರೇ ಇರುತ್ತಾರೆ, ಅವರೂ ನಮ್ಮನ್ನು ಬಿಟ್ಟು ಎದುರಿಗೆ ಬರುತ್ತಾರೆ, ನಾವು ಹೇಳಿದಷ್ಟೇ ತಿರುಗಿ ನಿಲ್ಲಬೇಕು. ನನ್ನ ಎಡಗಾಲು ನನಗೆ ಗೊತ್ತಿಲ್ಲದೆ ಮಡಚಿಕೊಂಡಿತ್ತು. ಗಂಟೆಗೆ ಸುಮಾರು 190 ಕಿಲೋಮೀಟರ್ ವೇಗದಲ್ಲಿ ಬೀಳುವಾಗ ಅಷ್ಟು ಸಾಕು, ಮೈ ತಾನಾಗಿ ತಿರುಗತೊಡಗುತ್ತದೆ. ಅವರು ಮುಖದ ಮುಂದೆ ಎರಡು ಬೆರಳು ಚಾಚಿ ತೋರಿಸಿದರು, ಕಾಲು ಚಾಚು ಎಂದು ಅದರ ಅರ್ಥ. ಬೆರಳು ಕಂಡವು, ಕಾಲು ಮಾತ್ರ ಮಾತು ಕೇಳಲಿಲ್ಲ. ಆದರೂ ಮಣಿಕಟ್ಟಿನ ಎತ್ತರದ ಮೀಟರನ್ನು ನೋಡುತ್ತಲೇ ಇದ್ದೆ, 5,500 ಅಡಿಗೆ ಸರಿಯಾಗಿ ಬಿಚ್ಚಿದೆ. ಇಳಿದ ಮೇಲೆ ಅವರು ನನ್ನನ್ನು ಬೆಂಚಿನ ಮೇಲೆ ಬೋರಲು ಮಲಗಿಸಿ, ಎರಡೂ ಪಾದಗಳಿಗೆ ಅಂಗೈ ಒತ್ತಿ ಹಿಡಿದು, ಎರಡೂ ಕಾಲು ಸಮನಾಗಿ ಒತ್ತುವವರೆಗೆ ಬಿಡಲಿಲ್ಲ. ಮರುದಿನ ಅದೇ ಹಂತವನ್ನು ಮತ್ತೆ ದುಡ್ಡು ಕೊಟ್ಟು ಮಾಡಿದೆ. ಹಾಗೆ ನಿಲ್ಲಿಸಿ ಮತ್ತೆ ಮಾಡಿಸುವವರ ಕೈಯಲ್ಲಿ ಕಲಿಯುತ್ತಿದ್ದೇನೆ ಎಂಬ ಧೈರ್ಯ ನನಗಿದೆ.

ಅಜ್ಜ (ಗದಗ), 10:02
ಎಲ್ಲರೂ ಪೂರ್ಣ ವಾಕ್ಯಗಳಲ್ಲಿ ಬರೆಯುತ್ತಿದ್ದೀರಿ, ಸಂತೋಷ. ಮಗಳೇ, ನಾನು ಒಂದನ್ನೇ ಕೇಳುತ್ತೇನೆ: ಅದು ಬಿಚ್ಚದಿದ್ದರೆ?

ನಾನು, 10:20
ಅಜ್ಜ, ಬೆನ್ನಿಗೆ ಎರಡು ಪ್ಯಾರಾಶೂಟುಗಳಿರುತ್ತವೆ. ಮೊದಲನೆಯದು ಸರಿಯಾಗಿ ಬಿಚ್ಚದಿದ್ದರೆ ಬಲಗಡೆಯ ಹಿಡಿಕೆ ಎಳೆದು ಅದನ್ನು ಕಳಚಿ, ಎಡಗಡೆಯ ಹಿಡಿಕೆಯಿಂದ ಎರಡನೆಯದನ್ನು ತೆರೆಯಬೇಕು. ವಿದ್ಯಾರ್ಥಿಗಳು ಆ ತೀರ್ಮಾನವನ್ನು 2,500 ಅಡಿಗಿಂತ ಮೊದಲೇ ತೆಗೆದುಕೊಳ್ಳಬೇಕು. ನೆಲದ ಮೇಲೆ ಇದನ್ನು ಎಷ್ಟು ಸಲ ಮಾಡಿಸಿದ್ದಾರೆಂದರೆ ನಿದ್ದೆಯಲ್ಲಿಯೂ ಕೈ ಅಲ್ಲಿಗೇ ಹೋಗುತ್ತದೆ. ಎರಡನೆಯದನ್ನು ಮಡಚುವ ಅಧಿಕಾರ ನಮಗಿಲ್ಲ, ಅದಕ್ಕೆ ಪ್ರಮಾಣಪತ್ರ ಪಡೆದ ಬೇರೆ ಕೆಲಸಗಾರರಿದ್ದಾರೆ. ನಮ್ಮಿಂದ ಏನೂ ಆಗದೇ ಹೋದರೆ, ವಿದ್ಯಾರ್ಥಿಗಳ ಚೀಲದಲ್ಲಿ ಕಡ್ಡಾಯವಾಗಿ ಇರುವ ಒಂದು ಯಂತ್ರ, ನೆಲ ಹತ್ತಿರವಾದಾಗಲೂ ಬೀಳುವ ವೇಗ ತಗ್ಗಿಲ್ಲವೆಂದು ಅಳೆದು, ತಾನೇ ಎರಡನೆಯದನ್ನು ತೆರೆಯಿಸುತ್ತದೆ.

ನನ್ನ ತರಬೇತುದಾರರಿಗೆ ಇದಕ್ಕಿಂತ ಹೆಚ್ಚು ಚಿಂತೆ ಇರುವುದು ಸರಿಯಾಗಿ ಬಿಚ್ಚಿದ ಪ್ಯಾರಾಶೂಟಿನ ಬಗ್ಗೆ. ಚೆನ್ನಾಗಿ ಹಾರುತ್ತಿರುವ ಪ್ಯಾರಾಶೂಟನ್ನು ನೆಲದ ಹತ್ತಿರ ಆತುರದಿಂದ ತಿರುಗಿಸಿ ಕಾಲು, ಸೊಂಟ ಮುರಿದುಕೊಂಡವರು, ಜೀವ ಕಳೆದುಕೊಂಡವರು ಎಷ್ಟೋ ಮಂದಿ. ಆದ್ದರಿಂದ 1,000 ಅಡಿಯಿಂದ ಕೆಳಗೆ ಯಾವ ಎತ್ತರದಲ್ಲಿ ಯಾವ ಕಡೆ ಮುಖ ಮಾಡಬೇಕು ಎಂಬುದನ್ನು ಜಿಗಿಯುವ ಮೊದಲೇ ಮೈದಾನದ ಚಿತ್ರದ ಮೇಲೆ ಬೆರಳಿಟ್ಟು ಹೇಳಬೇಕು. ಇನ್ನು ಗಾಳಿ. ಕಪ್ಪತಗುಡ್ಡದ ಗಾಳಿಯಂತ್ರಗಳಿಗೆ ಹಬ್ಬವಾಗುವಂಥ ಗಾಳಿಯಲ್ಲಿ ವಿದ್ಯಾರ್ಥಿಗಳನ್ನು ವಿಮಾನ ಹತ್ತಿಸುವುದೇ ಇಲ್ಲ; ಗಂಟೆಗೆ ಸುಮಾರು 22 ಕಿಲೋಮೀಟರ್ ದಾಟಿದರೆ ನಾವು ನೆಲದಲ್ಲಿಯೇ. ಹೋದ ಸಲ ಎರಡು ದಿನ ಪೂರ್ತಿ, ಗಾಳಿಯ ದಿಕ್ಕು ತೋರಿಸಲು ಮೈದಾನದಲ್ಲಿ ಕಟ್ಟಿದ ಬಟ್ಟೆಯ ಚೀಲವನ್ನು ನೋಡುತ್ತ ಕುಳಿತಿದ್ದೆ.

ಅತ್ತಿ (ಹುಬ್ಬಳ್ಳಿ), 10:26
ಎರಡು ದಿನ ಕೂಡಿಸಿದರು ಎಂಬುದನ್ನು ಕೇಳಿ ನನಗೆ ಸ್ವಲ್ಪ ಸಮಾಧಾನವಾಯಿತು.

ಕಾಕಾ (ಹಾವೇರಿ), 10:41
ನನಗಾಗಿಲ್ಲ. ತಂಗಿ, ನೀನು ಯಂತ್ರದ ಬಗ್ಗೆ, ಗಾಳಿಯ ಬಗ್ಗೆ ಚೆನ್ನಾಗಿ ಬರೆದಿದ್ದೀ, ಒಪ್ಪುತ್ತೇನೆ. ಆದರೆ ನಾನು ವೀಡಿಯೊ ಕಳಿಸಿದ್ದು ಪ್ಯಾರಾಶೂಟಿಗಾಗಿ ಅಲ್ಲ, ಆ ಹುಡುಗನಿಗಾಗಿ. ಅವನಿಗೆ ಮೊದಲೇ ಫಿಟ್ಸ್ ಇತ್ತೆಂದೂ, ವರ್ಷಗಟ್ಟಲೆ ಬಂದಿರಲಿಲ್ಲವಾದ್ದರಿಂದ ವೈದ್ಯರ ಒಪ್ಪಿಗೆ ಪಡೆದೇ ಜಿಗಿದಿದ್ದನೆಂದೂ ಓದಿದ್ದೇನೆ. ಅವನು ಹೇಳಿ, ಕೇಳಿ ಹೋದವನು. ನೀನು ಪಿಯುಸಿ ಎರಡನೆಯ ವರ್ಷದಲ್ಲಿ ಅತ್ತಿಯ ಮನೆಯಲ್ಲಿ ಎಚ್ಚರ ತಪ್ಪಿ ಬಿದ್ದಿದ್ದೆ. ಅದನ್ನು ಅವರ ಅರ್ಜಿಯಲ್ಲಿ ಬರೆದಿದ್ದೀಯಾ?

ಅತ್ತಿ (ಹುಬ್ಬಳ್ಳಿ), 10:44
ಬಚ್ಚಲಮನೆಯ ಬಾಗಿಲಲ್ಲಿ ಬಿದ್ದಿದ್ದಳು. ಅಂದು ಅವಳ ಉಪವಾಸವಿತ್ತು. ಹಿಂದಿನ ಓಣಿಯ ಡಾಕ್ಟರರು ಬಂದು ನಿತ್ರಾಣವೆಂದಿದ್ದರು, ಬೇರೆ ಏನನ್ನೂ ಬರೆದುಕೊಡಲಿಲ್ಲ.

ನಾನು, 11:10
ಬರೆದಿಲ್ಲ, ಕಾಕಾ. ಹಿಂದೆ ಎಂದಾದರೂ ಪ್ರಜ್ಞೆ ತಪ್ಪಿತ್ತೇ ಎಂಬ ಪ್ರಶ್ನೆ ಅದರಲ್ಲಿತ್ತು. ಉಪವಾಸದ ದಿನ ಆದದ್ದು, ಹನ್ನೆರಡು ವರ್ಷದ ಹಿಂದಿನದು, ಬರೆದರೆ ಇಷ್ಟು ದೂರ ಬಂದವಳನ್ನು ತಿರುಗಿ ಕಳಿಸುತ್ತಾರೇನೋ ಎಂಬ ಭಯದಿಂದ ‘ಇಲ್ಲ’ ಎಂದು ಗುರುತು ಹಾಕಿದೆ. ಆ ಹುಡುಗನಿಗೆ ಹೀಗಾಗಬಹುದೆಂಬುದು ಬಚ್ಚಿಟ್ಟ ವಿಷಯವಾಗಿರಲಿಲ್ಲ. ನನ್ನ ಪಕ್ಕದಲ್ಲಿ ಜಿಗಿದವರಿಗೆ ನನ್ನ ವಿಷಯ ಗೊತ್ತೇ ಇರಲಿಲ್ಲ. ಇನ್ನು ಕೆಲವು ಜಿಗಿತಗಳಾದರೆ ನಾನು ಒಬ್ಬಳೇ ಬೀಳುತ್ತೇನೆ, ಹಿಡಿಯಲು ಯಾರೂ ಇರುವುದಿಲ್ಲ. ಇದು ನನ್ನ ತಪ್ಪು, ಇಷ್ಟು ದಿನ ಇದನ್ನು ತಪ್ಪೆಂದು ಎಣಿಸಿರಲಿಲ್ಲ.

ಅಜ್ಜ (ಗದಗ), 11:18
ಮಗಳೇ, ಟಿಕೆಟ್ ತೆಗೆಸಿದ್ದೀಯಾ?

ನಾನು, 11:20
ಇಲ್ಲ, ಅಜ್ಜ. ತೆಗೆಸುವುದೂ ಇಲ್ಲ. ಮೊದಲು ಹುಬ್ಬಳ್ಳಿಯಲ್ಲಿ ನರರೋಗದ ವೈದ್ಯರಿಗೂ ಹೃದಯದ ವೈದ್ಯರಿಗೂ ತೋರಿಸುತ್ತೇನೆ. ಎತ್ತರದಲ್ಲಿ ಜಿಗಿಯುವುದಕ್ಕೆಂದೇ ಕೇಳುತ್ತಿದ್ದೇನೆ ಎಂದು ಸ್ಪಷ್ಟವಾಗಿ ಹೇಳಿ, ಅವರು ಬರೆದುಕೊಟ್ಟದ್ದನ್ನು ತರಬೇತಿ ಕೇಂದ್ರಕ್ಕೆ ಕಳಿಸಿ, ಅರ್ಜಿಯನ್ನು ತಿದ್ದುತ್ತೇನೆ. ಅವರು ಬೇಡವೆಂದರೆ ಹನ್ನೊಂದಕ್ಕೇ ನಿಲ್ಲುತ್ತದೆ. ಬಾ ಎಂದರೆ ಹದಿನಾಲ್ಕನ್ನೂ ಮುಗಿಸುತ್ತೇನೆ. ಆಗ ನೀವು ತಡೆಯಬಾರದು, ಕಾಕಾ.

ಕಾಕಾ (ಹಾವೇರಿ), 11:31
ತಡೆಯುವುದಿಲ್ಲ. ಶನಿವಾರ ಮುಂಜಾನೆಯ ಬಸ್ಸಿಗೆ ನಾನೂ ಬರುತ್ತೇನೆ. ಅಂದಿನ ಔಷಧದ ಚೀಟಿ ನಿಮ್ಮ ಅತ್ತಿಯ ಕಪಾಟಿನಲ್ಲಿ ಇನ್ನೂ ಇದ್ದರೆ ತೆಗೆದಿಡಲಿ.

ಅತ್ತಿ (ಹುಬ್ಬಳ್ಳಿ), 11:33
ಈಗಲೇ ನೋಡುತ್ತಿದ್ದೇನೆ.