ಹಬ್ಬದ ಒಗಟುಗಳ ಮೂಲಕ ಭಾಗಾಕಾರ: ಮಕ್ಕಳು ಲೆಕ್ಕ ಮಾಡದೆ ಉತ್ತರ ಊಹಿಸಿದರೆ ಏನು ಮಾಡಬೇಕು?

ಡೊಂಬಿವಲಿಯ ಶಿಕ್ಷಕಿ:
ನಮಸ್ಕಾರ. ನಾನು ಕನ್ನಡ ಮಾಧ್ಯಮದ ನಾಲ್ಕನೆಯ ತರಗತಿಗೆ ಗಣಿತ ಕಲಿಸುತ್ತೇನೆ. ಚೌತಿಯ ರಜೆಗೆ ಮುನ್ನ ಭಾಗಾಕಾರದ ಅಭ್ಯಾಸಕ್ಕೆಂದು ಒಂದು ಒಗಟಿನ ಹಾಳೆ ತಯಾರಿಸಿದ್ದೆ. ಪ್ರತಿ ಲೆಕ್ಕದ ಭಾಗಲಬ್ಧಕ್ಕೆ ಒಂದೊಂದು ಅಕ್ಷರವಿದ್ದು, ಎಲ್ಲವನ್ನೂ ಜೋಡಿಸಿದರೆ ‘ಗಣಪತಿ’ ಎಂದಾಗುತ್ತಿತ್ತು. ಆದರೆ ‘ಗಣ’ ಎಂದು ಬರುತ್ತಿದ್ದಂತೆಯೇ ಅರ್ಧ ತರಗತಿ ಉಳಿದ ಅಕ್ಷರಗಳನ್ನು ಊಹಿಸಿ ಹಾಳೆ ಒಪ್ಪಿಸಿಬಿಟ್ಟಿತು. ಇನ್ನೊಂದು ತೊಂದರೆಯೂ ಇದೆ: 21 ಮೋದಕಗಳನ್ನು 4 ಮಕ್ಕಳಿಗೆ ಹಂಚಿದಾಗ ಉಳಿಯುವ ಒಂದನ್ನು ಬಹುಪಾಲು ಮಕ್ಕಳು ಬರೆಯಲೇ ಇಲ್ಲ. ಒಬ್ಬನನ್ನು ಕೇಳಿದರೆ, ‘ಅದು ಗಣಪತಿಗೆ, ಟೀಚರ್’ ಎಂದ. ಈ ಹಾಳೆಯನ್ನು ಹೇಗೆ ತಿದ್ದಲಿ?

ಪುಣೆಯ ನಿವೃತ್ತ ಶಿಕ್ಷಕರು:
ಮೇಡಂ, ಎರಡು ತೊಂದರೆಗಳಿಗೂ ಒಂದೇ ಉಪಾಯವಿದೆ. ಅಕ್ಷರವನ್ನು ಭಾಗಲಬ್ಧಕ್ಕೆ ಕೊಡದೆ ಶೇಷಕ್ಕೆ ಕೊಡಿ. ಎಲ್ಲ ಲೆಕ್ಕಗಳಲ್ಲೂ ಭಾಜಕ 8 ಎಂದಿಟ್ಟುಕೊಂಡರೆ ಶೇಷ 0ಯಿಂದ 7ರವರೆಗೆ ಮಾತ್ರ ಬರಬಲ್ಲದು, ಆದ್ದರಿಂದ ಎಂಟು ಅಕ್ಷರಗಳ ಪಟ್ಟಿ ಸಾಕು. 45ನ್ನು 8ರಿಂದ ಭಾಗಿಸಿ ‘ಭಾಗಲಬ್ಧ 4, ಶೇಷ 13’ ಎಂದು ಬರೆಯುವ ಮಗು ಪ್ರತಿ ತರಗತಿಯಲ್ಲೂ ಇರುತ್ತದೆ. ಪಟ್ಟಿಯಲ್ಲಿ 13ಕ್ಕೆ ಅಕ್ಷರವೇ ಇಲ್ಲದಿರುವುದನ್ನು ಕಂಡು ಅದು ತಾನಾಗಿಯೇ ಲೆಕ್ಕಕ್ಕೆ ಮರಳುತ್ತದೆ, ನೀವು ಕೆಂಪು ಶಾಯಿಯನ್ನು ಮುಟ್ಟುವ ಅಗತ್ಯವಿರುವುದಿಲ್ಲ. ಊಹೆಯನ್ನು ತಡೆಯಲು ಲೆಕ್ಕಗಳ ಕ್ರಮವನ್ನು ಕಲಸಿ, ಪದಕ್ಕೆ ಬೇಡದ ಎರಡು ಅಕ್ಷರಗಳನ್ನೂ ಸೇರಿಸಿಬಿಡಿ. ಭಾಜಕವನ್ನು ಭಾಗಲಬ್ಧದಿಂದ ಗುಣಿಸಿ ಶೇಷವನ್ನು ಕೂಡಿಸಿದರೆ ಭಾಜ್ಯ ಬರಬೇಕೆಂಬ ತಾಳೆಯನ್ನೂ ಪಕ್ಕದಲ್ಲಿ ಬರೆಸಿ.

ಠಾಣೆಯ ಶಿಕ್ಷಕಿ:
ಸರ್ ಹೇಳಿದ ಉಪಾಯ ಚೆನ್ನಾಗಿದೆ, ಆದರೆ ಅದರಿಂದ ಶೇಷವನ್ನು ಬರೆಯುವ ಅಭ್ಯಾಸವಾಗುತ್ತದೆಯೇ ಹೊರತು ಶೇಷದ ಅರ್ಥ ತಿಳಿಯುವುದಿಲ್ಲ. ನಿಮ್ಮ ಹುಡುಗ ಹೇಳಿದ್ದು ನನಗೆ ಬಹಳ ಹಿಡಿಸಿತು. 21ರಲ್ಲಿ ಹತ್ತನ್ನು ದಾನ ಕೊಟ್ಟು, ಹತ್ತನ್ನು ಮನೆಯವರು ತಿಂದು, ಒಂದನ್ನು ದೇವರ ಮುಂದೆ ಇಡುವ ಪದ್ಧತಿ ಕೆಲವು ಮನೆಗಳಲ್ಲಿದೆ. ಅವನು ಶೇಷಕ್ಕೆ ಒಂದು ಜಾಗ ಹುಡುಕಿದ್ದಾನೆ. ನಾನು ದೀಪಾವಳಿಗೆ ಒಂದೇ ಭಾಗಾಕಾರವನ್ನು ಮೂರು ಬಗೆಯಲ್ಲಿ ಕೇಳುತ್ತೇನೆ: 50 ಹಣತೆಗಳನ್ನು ಪೆಟ್ಟಿಗೆಗೆ 8ರಂತೆ ಇಟ್ಟರೆ ತುಂಬಿದ ಪೆಟ್ಟಿಗೆಗಳೆಷ್ಟು, ಹೊರಗೆ ಉಳಿದ ಹಣತೆಗಳೆಷ್ಟು, ಒಂದನ್ನೂ ಬಿಡದೆ ಒಯ್ಯಲು ಬೇಕಾದ ಪೆಟ್ಟಿಗೆಗಳೆಷ್ಟು? ಉತ್ತರಗಳು 6, 2 ಮತ್ತು 7. ಮೂರನೆಯದಕ್ಕೆ ತರಗತಿಯಲ್ಲಿ ಜಗಳವೇ ನಡೆಯುತ್ತದೆ, ಕಲಿಕೆಯೂ ಅಲ್ಲಿಯೇ ಆಗುತ್ತದೆ. ಹಾಳೆಯ ಅಂಚಿಗೆ ಹಣತೆಯ ಚಿತ್ರ ಅಂಟಿಸಿದ ಮಾತ್ರಕ್ಕೆ ಲೆಕ್ಕ ಹಬ್ಬದ್ದಾಗುವುದಿಲ್ಲ. ದಹಿ ಹಂಡಿಯನ್ನು, ಅಂದರೆ ಒಬ್ಬರ ಮೇಲೊಬ್ಬರು ನಿಂತು ಮೊಸರು ಕುಡಿಕೆ ಒಡೆಯುವ ಆಟವನ್ನು, ಮಾತ್ರ ಭಾಗಾಕಾರಕ್ಕೆ ಎಳೆದು ತರಬೇಡಿ, ಏಕೆಂದರೆ ಹಾಗೆ ನಿಲ್ಲುವ ಗೋವಿಂದರ ಸಾಲುಗಳು ಮೇಲೆ ಹೋದಂತೆ ಕಿರಿದಾಗುತ್ತವೆ, ಸಮಭಾಗ ಅಲ್ಲಿ ಇರುವುದೇ ಇಲ್ಲ.

ವಾಸ್ಕೊದಿಂದ ಒಬ್ಬ ಪಾಲಕರು:
ನಮ್ಮ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವಾಗ ನಾನು ನೆವ್ರಿಯನ್ನು, ಅಂದರೆ ನಮ್ಮ ಕರಜಿಕಾಯಿಯನ್ನು, ಬಳಸುತ್ತೇನೆ. ಗೋವೆಯಲ್ಲಿ ಅದನ್ನು ಚೌತಿಗೂ ಮಾಡುತ್ತಾರೆ, ಕ್ರಿಸ್‌ಮಸ್‌ಗೂ ಮಾಡುತ್ತಾರೆ, ಆದ್ದರಿಂದ ಲೆಕ್ಕದಿಂದ ಯಾವ ಮಗುವೂ ಹೊರಗುಳಿಯುವುದಿಲ್ಲ. ಇನ್ನೊಂದು ಸಣ್ಣ ಮಾತು: ನೆರೆಯವರು ಮರಾಠಿಯಲ್ಲಿ ಹೇಳಿಕೊಡುವುದಾದರೆ ಪದಗಳ ಮೇಲೆ ಗಮನವಿರಲಿ. ಅಲ್ಲಿ ಭಾಗಲಬ್ಧಕ್ಕೇ ‘ಭಾಗಾಕಾರ’ ಎನ್ನುತ್ತಾರೆ, ಶೇಷಕ್ಕೆ ‘ಬಾಕಿ’ ಎನ್ನುತ್ತಾರೆ. ನನ್ನ ಮಗಳು ಇದರಿಂದ ಒಂದು ವಾರ ಗೊಂದಲಪಟ್ಟಿದ್ದಳು.

ಡೊಂಬಿವಲಿಯ ಶಿಕ್ಷಕಿ:
ಎಲ್ಲರಿಗೂ ಧನ್ಯವಾದಗಳು. ಹಾಳೆಯ ಮೊದಲರ್ಧದಲ್ಲಿ ಶೇಷದ ಅಕ್ಷರಗಳನ್ನೂ ಎರಡನೆಯ ಅರ್ಧದಲ್ಲಿ ಹಣತೆಯ ಮೂರು ಪ್ರಶ್ನೆಗಳನ್ನೂ ಇಡುತ್ತೇನೆ. ಒಗಟಿನ ಪದವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ನನ್ನ ಕೆಲವು ವಿದ್ಯಾರ್ಥಿಗಳ ತಾಯಂದಿರೂ ಇದನ್ನು ಓದುತ್ತಾರೆ.