ಏಳರಿಂದ ಹದಿನೈದನೇ ಓವರ್‌ವರೆಗೆ ನಮ್ಮ ಆರ್‌ಸಿಬಿಯಲ್ಲಿ ಚೆಂಡು ಯಾರ ಕೈಗೆ?

ಪ್ರಶ್ನೆ ಕೇಳಿದವರು: ಸುರತ್ಕಲ್ ಕಡಲತೀರ

ಎಲ್ಲರಿಗೂ ನಮಸ್ಕಾರ. 2025ರ ಮಾರ್ಚ್ 22ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಈ ವರ್ಷದ ಐಪಿಎಲ್ ಆರಂಭವಾಗುತ್ತಿದ್ದು, ಮೊದಲ ಪಂದ್ಯವೇ ನಮ್ಮ ಆರ್‌ಸಿಬಿಯದು. 2008ರಿಂದ ಒಂದು ವರ್ಷವೂ ಬಿಡದೆ ಈ ತಂಡವನ್ನು ನೋಡಿಕೊಂಡು ಬಂದಿರುವ ನನಗೆ ಈ ಬಾರಿ ಒಂದು ದೊಡ್ಡ ಸಮಾಧಾನವಿದೆ, ಅಷ್ಟೇ ದೊಡ್ಡ ಆತಂಕವೂ ಇದೆ. ಎರಡನ್ನೂ ಬರೆದು ನಿಮ್ಮ ಅಭಿಪ್ರಾಯ ಕೇಳಬೇಕೆಂದಿದ್ದೇನೆ.

ಸಮಾಧಾನ ವೇಗದ ಬೌಲಿಂಗ್‌ನದು. ಕಳೆದ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ನಡೆದ ಹರಾಜಿನಲ್ಲಿ ನಮ್ಮವರು ಜೋಶ್ ಹೇಜಲ್‌ವುಡ್ ಅವರಿಗೆ 12.50 ಕೋಟಿ, ಭುವನೇಶ್ವರ್ ಕುಮಾರ್ ಅವರಿಗೆ 10.75 ಕೋಟಿ, ರಸಿಖ್ ದಾರ್ ಅವರಿಗೆ 6 ಕೋಟಿ ಕೊಟ್ಟರು. ಮೊದಲೇ ಉಳಿಸಿಕೊಂಡಿದ್ದ ಯಶ್ ದಯಾಳ್ ಅವರ 5 ಕೋಟಿ ಸೇರಿಸಿದರೆ ನಾಲ್ವರು ವೇಗಿಗಳಿಗೇ 34.25 ಕೋಟಿ ರೂಪಾಯಿ ಆಯಿತು. ಬ್ಯಾಟ್ಸ್‌ಮನ್‌ಗಳ ಹೆಸರಿನಿಂದಲೇ ಗುರುತಿಸಿಕೊಂಡು ಬಂದ ತಂಡ ಇದು. ಬೌಲರ್‌ಗಳ ಮೇಲೆ ಇಷ್ಟು ನಂಬಿಕೆ ಇಟ್ಟದ್ದನ್ನು ನಾನಂತೂ ಹಿಂದೆ ಕಂಡಿಲ್ಲ. 2024ರ ಏಪ್ರಿಲ್ 15ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹೈದರಾಬಾದ್ ತಂಡ 3 ವಿಕೆಟ್‌ಗೆ 287 ರನ್ ಹೊಡೆದ ರಾತ್ರಿ, ನಮ್ಮ ನಾಲ್ವರು ಬೌಲರ್‌ಗಳು ತಲಾ ಐವತ್ತಕ್ಕಿಂತ ಹೆಚ್ಚು ರನ್ ಕೊಟ್ಟಿದ್ದರು. ನಾವು 262 ರನ್ ಹೊಡೆದೂ ಸೋತ ಆ ಪಂದ್ಯವನ್ನು ನೋಡಿದ ಯಾರಿಗೂ ಈ 34 ಕೋಟಿ ದುಬಾರಿ ಎನಿಸಲಾರದು.

ಆತಂಕ ಸ್ಪಿನ್‌ನದು. ಕೃಣಾಲ್ ಪಾಂಡ್ಯ 5.75 ಕೋಟಿ, ಸುಯಶ್ ಶರ್ಮಾ 2.60 ಕೋಟಿ, ಸ್ವಪ್ನಿಲ್ ಸಿಂಗ್ 50 ಲಕ್ಷ, ಮೋಹಿತ್ ರಾಠಿ 30 ಲಕ್ಷ: ನಾಲ್ವರಿಗೂ ಸೇರಿ 9.15 ಕೋಟಿ. ಅತ್ತ ಚೆನ್ನೈನವರು ಜಡೇಜ, ಅಶ್ವಿನ್, ನೂರ್ ಅಹ್ಮದ್ ಎಂಬ ಮೂವರಿಗೇ 37.75 ಕೋಟಿ ವಿನಿಯೋಗಿಸಿದ್ದಾರೆ. ನಮ್ಮ ಎರಡನೇ ಪಂದ್ಯ ಮಾರ್ಚ್ 28ರಂದು ಇರುವುದು ಅದೇ ಚೆನ್ನೈನ ಚೆಪಾಕ್‌ನಲ್ಲಿ. ಅಲ್ಲಿ ಚೆನ್ನೈ ವಿರುದ್ಧ ನಾವು ಗೆದ್ದದ್ದು 2008ರಲ್ಲಿ, ಆಮೇಲೆ 2024ರವರೆಗೆ ಒಮ್ಮೆಯೂ ಗೆದ್ದಿಲ್ಲ. ನಮಗಾಗಿ 139 ವಿಕೆಟ್ ತೆಗೆದ ಯಜುವೇಂದ್ರ ಚಹಾಲ್ ಅವರನ್ನು 2021ರ ನಂತರ ಕೈಬಿಟ್ಟೆವು. ಅವರ ಜಾಗಕ್ಕೆ ಬಂದ ಹಸರಂಗ 2022ರಲ್ಲಿ 26 ವಿಕೆಟ್ ಪಡೆದು ನಮ್ಮನ್ನು ಫೈನಲ್‌ಗೆ ಮುಂಚಿನ ಪಂದ್ಯವಾದ ಎರಡನೇ ಕ್ವಾಲಿಫೈಯರ್‌ವರೆಗೆ ಕೊಂಡೊಯ್ದರೂ ಮರುವರ್ಷದ ಬಳಿಕ ಅವರನ್ನೂ ಬಿಟ್ಟೆವು. ಆ ಸ್ಥಾನ ಇವತ್ತಿಗೂ ತುಂಬಿಲ್ಲ ಎಂಬುದು ನನ್ನ ಅಭಿಪ್ರಾಯ.

ಹೈದರಾಬಾದ್ ವಿರುದ್ಧದ 2016ರ ಐಪಿಎಲ್ ಫೈನಲ್ ಹೇಳದೆ ಇದನ್ನು ಮುಗಿಸಲಾರೆ. 209 ರನ್‌ಗಳ ಗುರಿಯೆದುರು ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್‌ಗೆ 114 ರನ್ ಸೇರಿಸಿದಾಗ, ನಮ್ಮ ಚಾವಡಿಯಲ್ಲಿ ಅಕ್ಕಪಕ್ಕದ ಮನೆಯವರೂ ಸೇರಿ ಹದಿನೈದು ಮಂದಿ ಇದ್ದೆವು. ನನ್ನ ಚಿಕ್ಕಪ್ಪನ ಮಗ ಅಷ್ಟರಲ್ಲೇ ಗರ್ನಾಲಿನ ಕಟ್ಟನ್ನು ತಂದು ಜಗಲಿಯಲ್ಲಿ ಇಟ್ಟಿದ್ದ. ಎಂಟು ರನ್‌ಗಳಿಂದ ಸೋತೆವು. ಆ ಕಟ್ಟು ಅಟ್ಟಕ್ಕೆ ಹೋಯಿತು. ದೀಪಾವಳಿಗೆ ತೆಗೆದು ನೋಡಿದಾಗ ಮಳೆಗಾಲದ ಥಂಡಿ ಹಿಡಿದು ಒಂದೂ ಸಿಡಿಯಲಿಲ್ಲ. ಅಂದು ಮೊದಲು ಬೌಲಿಂಗ್ ಮಾಡಿ 208 ರನ್ ಬಿಟ್ಟುಕೊಟ್ಟದ್ದೇ ಸೋಲಿಗೆ ಕಾರಣ ಎಂದು ನಾನು ಈಗಲೂ ಹೇಳುತ್ತೇನೆ.

ಆದ್ದರಿಂದ ನನ್ನ ಪ್ರಶ್ನೆ ಇಷ್ಟೇ. ಮೊದಲ ಆರು ಓವರ್‌ಗಳ ಪವರ್‌ಪ್ಲೇ ಮುಗಿದ ಮೇಲೆ, ಕೊನೆಯ ಐದು ಓವರ್‌ಗಳಿಗೆ ಮೊದಲು, ಈ ತಂಡದಲ್ಲಿ ವಿಕೆಟ್ ತೆಗೆಯುವವರು ಯಾರು? ಅಷ್ಟು ಹಣವನ್ನು ವೇಗಿಗಳ ಮೇಲೆ ಹಾಕಿದ್ದು ಸರಿಯಾಯಿತೆ?

ಉತ್ತರ: ಕಲ್ಯಾಣಪುರದ ಹಳೆಯ ಆಟಗಾರ

ಸರಿಯಾಯಿತು ಎಂಬುದು ನನ್ನ ದೃಢವಾದ ಅಭಿಪ್ರಾಯ, ಕಾರಣವನ್ನು ಹೇಳುತ್ತೇನೆ. ಪ್ರತಿ ತಂಡ ತನ್ನ ಹದಿನಾಲ್ಕು ಪಂದ್ಯಗಳಲ್ಲಿ ಏಳನ್ನು ತವರಿನಲ್ಲಿ ಆಡುತ್ತದೆ. ನಮ್ಮ ತವರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾದ್ದರಿಂದ ಹೊಡೆದ ಚೆಂಡು ಇನ್ನಷ್ಟು ದೂರ ಹೋಗುತ್ತದೆ, ಬೌಂಡರಿಯೂ ಗಿಡ್ಡ. ಅಂಥ ಮೈದಾನದಲ್ಲಿ ಚೆಂಡನ್ನು ಗಾಳಿಯಲ್ಲಿ ತೇಲಿಸುವ ಸ್ಪಿನ್ನರ್ ಒಂದು ಚೆಂಡು ತಪ್ಪಿದರೂ ಸಿಕ್ಸರ್ ಆಗುತ್ತದೆ. ಹೇಜಲ್‌ವುಡ್ ಅವರಂತೆ ಒಂದೇ ಜಾಗಕ್ಕೆ, ಗಟ್ಟಿ ಲೆಂತ್‌ನಲ್ಲಿ ಎಸೆಯುವವರು ಅಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತಾರೆ.

ನಾನು ಇಪ್ಪತ್ತು ವರ್ಷ ನಮ್ಮ ಕಡೆಯ ಅಂಡರ್‌ಆರ್ಮ್ ಪಂದ್ಯಾಟಗಳಲ್ಲಿ ಆಡಿದವನು. ಕೊಯ್ಲು ಮುಗಿದ ಗದ್ದೆಯಲ್ಲಿ, ರಾತ್ರಿ ಲೈಟ್ ಹಾಕಿ, ಒಂದು ಬದಿಗೆ ತೆಂಗಿನ ತೋಟ ಇರುವ ಕಾರಣ ಆ ಕಡೆಯ ಬೌಂಡರಿ ಮೂವತ್ತು ಹೆಜ್ಜೆಯೂ ಇರುತ್ತಿರಲಿಲ್ಲ. ಅಂಥ ಕಡೆ ನಮ್ಮ ನಾಯಕರು ಚೆಂಡು ತಿರುಗಿಸುವವನನ್ನು ಬದಿಗಿಟ್ಟು, ಬ್ಯಾಟ್ಸ್‌ಮನ್‌ನ ಕಾಲಿನ ಬುಡಕ್ಕೆ ನೇರವಾಗಿ ಎಸೆಯುವವನ ಕೈಗೆ ಚೆಂಡು ಕೊಡುತ್ತಿದ್ದರು. ಕೃಣಾಲ್ ಅವರನ್ನೂ ನಾನು ಅದೇ ರೀತಿ ನೋಡುತ್ತೇನೆ. ಅವರು ಚೆಂಡನ್ನು ಹೆಚ್ಚು ತಿರುಗಿಸುವುದಿಲ್ಲ, ವೇಗವಾಗಿ ಒಳಕ್ಕೆ ನುಗ್ಗಿಸುತ್ತಾರೆ, ಬ್ಯಾಟ್ಸ್‌ಮನ್‌ಗೆ ಕೈ ಬಿಚ್ಚಲು ಜಾಗ ಕೊಡುವುದಿಲ್ಲ. ಮುಂಬೈ ಪರ 2017, 2019, 2020ರಲ್ಲಿ ಮೂರು ಕಪ್ ಎತ್ತಿದ ತಂಡದಲ್ಲಿದ್ದವರು, 2017ರ ಫೈನಲ್‌ನಲ್ಲಿ ಪಂದ್ಯಶ್ರೇಷ್ಠರಾದವರು. ಅವರಿಗೆ ಕೊಟ್ಟದ್ದು ಕಡಿಮೆ ಹಣವೆಂದು ಅವರನ್ನು ಕಡಿಮೆ ಅಂದಾಜು ಮಾಡುವುದು ಬೇಡ.

ಭುವನೇಶ್ವರ್ ವಿಷಯದಲ್ಲಿ ಇನ್ನೊಂದು ಮಾತು. ನೀವು ಹೇಳಿದ 2016ರ ಫೈನಲ್‌ನಲ್ಲಿ ಕೊನೆಯ ಓವರ್‌ಗೆ ನಮಗೆ 18 ರನ್ ಬೇಕಿದ್ದಾಗ ಬೌಲಿಂಗ್ ಮಾಡಿ ಒಂಬತ್ತೇ ರನ್ ಕೊಟ್ಟವರು ಇದೇ ಭುವನೇಶ್ವರ್. ಅಂದು ನಮ್ಮಿಂದ ಕಪ್ ಕಸಿದ ಕೈ ಈಗ ನಮ್ಮ ಕಡೆ ಇದೆ. ನನ್ನ ಭಯ ಒಂದೇ: ಹೇಜಲ್‌ವುಡ್ ಗಾಯದಿಂದಾಗಿ ಚಾಂಪಿಯನ್ಸ್ ಟ್ರೋಫಿಯಲ್ಲಿ ಆಡಿಲ್ಲ. ಅವರು ಪೂರ್ತಿ ಗುಣವಾಗಿ ಬಂದರೆ ಮಾತ್ರ ನನ್ನ ಈ ಲೆಕ್ಕ ಸರಿಯಾಗುತ್ತದೆ.

ಉತ್ತರ: ಮಣಿಪಾಲದ ಅಧ್ಯಾಪಕಿ

ಅಣ್ಣನವರ ಅನುಭವದ ಮೇಲೆ ನನಗೆ ಗೌರವವಿದೆ, ಆದರೆ ಸ್ಪಿನ್ ಬಗ್ಗೆ ಅವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಆರ್‌ಸಿಬಿ ಹೆಸರಿಗೆ 2024ರಲ್ಲೇ ಒಂದು ಕಪ್ ಬಂದಿದೆ ಎಂಬುದನ್ನು ಇಲ್ಲಿ ಯಾರೂ ಹೇಳಲಿಲ್ಲ. 2024ರ ಮಾರ್ಚ್ 17ರಂದು ಸ್ಮೃತಿ ಮಂಧಾನ ನಾಯಕತ್ವದ ನಮ್ಮ ಮಹಿಳಾ ತಂಡ ದೆಹಲಿಯಲ್ಲಿ ಮಹಿಳಾ ಪ್ರೀಮಿಯರ್ ಲೀಗ್‌ನ ಕಪ್ ಗೆದ್ದಿತು, ಮತ್ತು ಗೆಲ್ಲಿಸಿದವರು ಸ್ಪಿನ್ನರ್‌ಗಳು. ಒಂದೂ ವಿಕೆಟ್ ಬೀಳದೆ 64 ರನ್ ಮಾಡಿದ್ದ ಡೆಲ್ಲಿ 113ಕ್ಕೆ ಆಲೌಟ್ ಆಯಿತು. ಸೋಫಿ ಮೊಲಿನೊ ಒಂದೇ ಓವರ್‌ನಲ್ಲಿ ಮೂರು, ಶ್ರೇಯಾಂಕಾ ಪಾಟೀಲ್ ನಾಲ್ಕು, ಆಶಾ ಶೋಭನಾ ಎರಡು. ಉಳಿದ ಒಂದು ರನೌಟ್. ಹತ್ತರಲ್ಲಿ ಒಂಬತ್ತು ವಿಕೆಟ್ ಸ್ಪಿನ್ನರ್‌ಗಳದೇ. ಆ ರಾತ್ರಿ ನಮ್ಮ ಹಾಸ್ಟೆಲ್‌ನ ಹುಡುಗಿಯರು ಟಿವಿ ಇರುವ ಕೋಣೆಯಿಂದ ಅಂಗಳಕ್ಕೆ ಓಡಿ ಬಂದು ಕುಣಿದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ವಾರ್ಡನ್ ಆಗಿದ್ದ ನಾನು ಬೈಯಬೇಕಾಗಿತ್ತು, ಬೈಯಲಿಲ್ಲ, ಅವರ ಜೊತೆ ಕುಣಿದೆ.

ಹಾಗಾಗಿ ಮಧ್ಯದ ಓವರ್‌ಗಳಲ್ಲಿ ರನ್ ತಡೆದರೆ ಸಾಲದು, ವಿಕೆಟ್ ಬೀಳಲೇಬೇಕು. ಆ ಕೆಲಸಕ್ಕೆ ನನ್ನ ಆಯ್ಕೆ ಸುಯಶ್ ಶರ್ಮಾ. 2023ರ ಏಪ್ರಿಲ್‌ನಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ, ತಮ್ಮ ಮೊದಲ ಐಪಿಎಲ್ ಪಂದ್ಯದಲ್ಲೇ, ಕೋಲ್ಕತ್ತ ಪರ ನಮ್ಮ ವಿರುದ್ಧ ಮೂರು ವಿಕೆಟ್ ಪಡೆದ ಹುಡುಗ ಇವರೇ. ನಿರೀಕ್ಷೆಗೆ ವಿರುದ್ಧ ದಿಕ್ಕಿಗೆ ತಿರುಗುವ ಅವರ ಗೂಗ್ಲಿಯನ್ನು ಕೈಯಿಂದಲೇ ಗುರುತಿಸುವುದು ಸುಲಭವಲ್ಲ. ಇಂಪ್ಯಾಕ್ಟ್ ಆಟಗಾರನ ನಿಯಮ ಮುಂದುವರಿದಿರುವುದರಿಂದ, ನಾವು ಮೊದಲು ಬ್ಯಾಟ್ ಮಾಡಿದರೆ ಒಬ್ಬ ಬ್ಯಾಟ್ಸ್‌ಮನ್‌ನನ್ನು ಹೊರಗೆ ಕರೆದು ಇವರನ್ನು ಇಳಿಸಬಹುದು. ನಾಲ್ಕು ಓವರ್‌ಗಳಲ್ಲಿ 35 ರನ್ ಕೊಟ್ಟು ಎರಡು ವಿಕೆಟ್ ತೆಗೆದರೂ ಅವರ ಕೆಲಸ ಆಯಿತು. ಬೇಕಾದದ್ದು ನಾಯಕ ರಜತ್ ಪಾಟಿದಾರ್ ಅವರ ಧೈರ್ಯ: ಮೊದಲ ಓವರ್‌ನಲ್ಲಿ ಎರಡು ಸಿಕ್ಸರ್ ಹೋದರೂ ಎರಡನೇ ಓವರ್ ಕೊಡಬೇಕು.

ಉತ್ತರ: ಕದ್ರಿ ಗುಡ್ಡೆ

ಇಬ್ಬರ ಮಾತೂ ಚೆನ್ನಾಗಿದೆ. ನನ್ನ ಮನಸ್ಸಿನಲ್ಲಿರುವ ನೋವನ್ನೂ ಹೇಳಿಬಿಡುತ್ತೇನೆ, ಅದು ಈ ಹಣದ ಲೆಕ್ಕಕ್ಕೇ ಸಂಬಂಧಿಸಿದ್ದು. ಕೆ. ಎಲ್. ರಾಹುಲ್ ನಮ್ಮ ತಂಡಕ್ಕೆ ಬರಲಿಲ್ಲ. ಸುರತ್ಕಲ್‌ನಲ್ಲಿ, ನಾವೆಲ್ಲ ಇನ್ನೂ ಕೆಆರ್‌ಇಸಿ ಎಂದೇ ಕರೆಯುವ ಎನ್‌ಐಟಿಕೆಯ ಆವರಣದಲ್ಲಿ ಬೆಳೆದವರು, ನೆಹರೂ ಮೈದಾನದಲ್ಲಿ ಅಭ್ಯಾಸ ಮಾಡಿದವರು. ಆ ಮೈದಾನದ ಪಕ್ಕ ನಡೆದು ಹೋಗುವಾಗಲೆಲ್ಲ ಬ್ಯಾಟ್ ಹೆಗಲಿಗೇರಿಸಿದ ಮಕ್ಕಳನ್ನು ಕಂಡರೆ ನನಗೆ ಅವರದೇ ನೆನಪು. 2016ರಲ್ಲಿ ಫೈನಲ್ ತಲುಪಿದ ನಮ್ಮ ತಂಡದಲ್ಲಿ 397 ರನ್ ಮಾಡಿದ್ದರು. ಈಗ ಡೆಲ್ಲಿ ಅವರನ್ನು 14 ಕೋಟಿಗೆ ಕೊಂಡಿದೆ. ಮಾರ್ಚ್ 4ರಂದು ಆಸ್ಟ್ರೇಲಿಯ ವಿರುದ್ಧದ ಚಾಂಪಿಯನ್ಸ್ ಟ್ರೋಫಿ ಸೆಮಿಫೈನಲ್ ಅನ್ನು ಸಿಕ್ಸರ್‌ನಿಂದ ಮುಗಿಸಿದಾಗ, 9ರಂದು ಫೈನಲ್‌ನಲ್ಲಿ 34 ರನ್ ಮಾಡಿ ಅಜೇಯರಾಗಿ ಉಳಿದಾಗ, ಇಂಥವರು ನಮ್ಮ ಕೆಂಪು ಅಂಗಿಯಲ್ಲಿ ಇರಬೇಕಿತ್ತು ಎನಿಸಿತು.

ಆದರೆ ಲೆಕ್ಕ ಹಾಕಿದಾಗ ಬೇರೆಯೇ ಕಾಣುತ್ತದೆ. ಹರಾಜಿಗೆ ಹೋಗುವಾಗ ನಮ್ಮ ಕೈಯಲ್ಲಿ ಇದ್ದದ್ದು 83 ಕೋಟಿ. ರಾಹುಲ್ ಬೇಕೆಂದಿದ್ದರೆ 14 ಕೋಟಿಗೂ ಮೇಲೆ ಹೋಗಬೇಕಿತ್ತು, ಆಗ ಹೇಜಲ್‌ವುಡ್ ಅಥವಾ ಭುವನೇಶ್ವರ್ ಇಬ್ಬರಲ್ಲಿ ಒಬ್ಬರು ತಪ್ಪುತ್ತಿದ್ದರು. ಈ ಚರ್ಚೆಯನ್ನು ಓದಿದ ಮೇಲೆ ಆ ಬೆಲೆಗೆ ಅವರನ್ನು ಬಿಟ್ಟದ್ದು ತಪ್ಪಲ್ಲ ಎಂದು ಒಪ್ಪುತ್ತೇನೆ. ನಾನು ಒಪ್ಪದಿರುವುದು ವಿಕೆಟ್ ಕೀಪಿಂಗ್ ಮಾಡಬಲ್ಲ ಇಬ್ಬರಿಗೆ, ಫಿಲ್ ಸಾಲ್ಟ್ ಅವರಿಗೆ 11.50 ಕೋಟಿ ಮತ್ತು ಜಿತೇಶ್ ಶರ್ಮಾ ಅವರಿಗೆ 11 ಕೋಟಿ ಕೊಟ್ಟದ್ದನ್ನು. ಸಾಲ್ಟ್ ಸರಿ, ಕಳೆದ ವರ್ಷ ಕೋಲ್ಕತ್ತ ಪರ 435 ರನ್ ಸಿಡಿಸಿದವರು. ಎರಡನೆಯ ಮೊತ್ತದಲ್ಲಿ ಅರ್ಧ ಉಳಿಸಿದ್ದರೂ ಒಬ್ಬ ಒಳ್ಳೆಯ ಸ್ಪಿನ್ನರ್ ಸಿಗುತ್ತಿದ್ದರು.

ನಮ್ಮ ರಾಜ್ಯದ ಹುಡುಗರ ಪೈಕಿ ದೇವದತ್ತ ಪಡಿಕ್ಕಲ್ ಅವರನ್ನು ಮೊದಲ ಸುತ್ತಿನಲ್ಲಿ ಯಾರೂ ಕೊಳ್ಳಲಿಲ್ಲ. ಆಮೇಲೆ ಮೂಲ ಬೆಲೆ 2 ಕೋಟಿಗೆ ನಮಗೆ ಸಿಕ್ಕರು. 2020ರಲ್ಲಿ ನಮಗಾಗಿ 473 ರನ್ ಮಾಡಿದವರು. ಈ ಜನವರಿಯಲ್ಲಿ ಕರ್ನಾಟಕ ವಿಜಯ್ ಹಜಾರೆ ಟ್ರೋಫಿ ಗೆದ್ದಾಗ ಕ್ವಾರ್ಟರ್ ಫೈನಲ್‌ನಲ್ಲಿ ಶತಕ, ಸೆಮಿಫೈನಲ್‌ನಲ್ಲಿ 86 ಹೊಡೆದಿದ್ದಾರೆ. ಮೂರನೇ ಕ್ರಮಾಂಕವನ್ನು ಅವರಿಗೇ ಕೊಡಬೇಕು.

ಮತ್ತೆ ಪ್ರಶ್ನೆ ಕೇಳಿದವರು: ಸುರತ್ಕಲ್ ಕಡಲತೀರ

ಮೂವರಿಗೂ ಹೃತ್ಪೂರ್ವಕ ಧನ್ಯವಾದ. ತವರಿನ ಎತ್ತರ ಮತ್ತು ಗಿಡ್ಡ ಬೌಂಡರಿಯ ಮಾತನ್ನು ನಾನು ಸರಿಯಾಗಿ ತೂಗಿರಲಿಲ್ಲ. ಕೃಣಾಲ್ ಬಗ್ಗೆ ನನ್ನ ಅಭಿಪ್ರಾಯವನ್ನು ಬದಲಿಸಿಕೊಂಡಿದ್ದೇನೆ. ಆದರೆ ತವರಿನ ಆಚೆಯೂ ಏಳು ಪಂದ್ಯಗಳಿವೆ, ಅಲ್ಲಿಗೆ ಅಕ್ಕ ಹೇಳಿದ ಹಾಗೆ ಸುಯಶ್ ಬೇಕೇ ಬೇಕು. ಹಾಗಾಗಿ ನನ್ನ ಹನ್ನೊಂದು ಹೀಗಿದೆ: ಸಾಲ್ಟ್, ಕೊಹ್ಲಿ, ಪಡಿಕ್ಕಲ್, ಪಾಟಿದಾರ್, ಲಿವಿಂಗ್‌ಸ್ಟನ್, ಜಿತೇಶ್, ಟಿಮ್ ಡೇವಿಡ್, ಕೃಣಾಲ್, ಭುವನೇಶ್ವರ್, ಹೇಜಲ್‌ವುಡ್, ದಯಾಳ್. ಬೌಲಿಂಗ್ ವೇಳೆ ಪಡಿಕ್ಕಲ್ ಬದಲಿಗೆ ಸುಯಶ್ ಬರಲಿ. ವಿದೇಶಿ ಆಟಗಾರರು ನಾಲ್ವರೇ ಆಗುತ್ತಾರೆ, ಲಿವಿಂಗ್‌ಸ್ಟನ್ ಅವರಿಂದಲೂ ಒಂದೆರಡು ಓವರ್ ಸ್ಪಿನ್ ಸಿಗುತ್ತದೆ.

ಪಾಟಿದಾರ್ ಅವರ ಧೈರ್ಯದ ಬಗ್ಗೆ ನನಗೆ ಸಂಶಯವಿಲ್ಲ. 2022ರ ಹರಾಜಿನಲ್ಲಿ ಯಾರಿಗೂ ಬೇಡವಾಗಿ, ಗಾಯಗೊಂಡ ಇನ್ನೊಬ್ಬರ ಬದಲಿಗೆ ತಂಡಕ್ಕೆ ಬಂದು, ಸೋತವರು ಹೊರಬೀಳುವ ಆ ವರ್ಷದ ಎಲಿಮಿನೇಟರ್ ಪಂದ್ಯದಲ್ಲಿ 54 ಎಸೆತಗಳಲ್ಲಿ 112 ರನ್ ಹೊಡೆದು ಅಜೇಯರಾಗಿ ಉಳಿದವರು ಅವರು. ಒಬ್ಬ ಬೌಲರ್‌ಗೆ ಎರಡನೇ ಅವಕಾಶ ಎಂದರೇನು ಎಂಬುದು ಅಂಥವರಿಗೆ ತಿಳಿದಿರುತ್ತದೆ.

ರಾಹುಲ್ ಅವರ ವಿಷಯ ಎತ್ತಿದ್ದಕ್ಕೆ ಕದ್ರಿಯವರಿಗೆ ಬೇರೆಯಾಗಿ ಧನ್ಯವಾದ. ನೆರೆಮನೆಯ ಹುಡುಗನ ಸುದ್ದಿ ಬಂದರೆ ನನ್ನ ಕೈ ಓಡುವುದಿಲ್ಲ, ಅದಕ್ಕೇ ಮೊದಲು ಬರೆದಿರಲಿಲ್ಲ. ನಮ್ಮ ಕಡೆ ಊರಿನ ಕೋಣ ಬೇರೆ ಮನೆಗೆ ಹೋದರೂ ಕಂಬಳದ ಓಟದ ಕರೆಯಲ್ಲಿ, ಅಂದರೆ ಕೆಸರುಗದ್ದೆಯಲ್ಲಿ, ಅದು ಓಡುವಾಗ ಊರಿನವರೆಲ್ಲ ಎದ್ದು ನಿಲ್ಲುತ್ತಾರೆ. ಏಪ್ರಿಲ್ 10ರ ಗುರುವಾರ ಡೆಲ್ಲಿ ತಂಡ ಚಿನ್ನಸ್ವಾಮಿಗೆ ಬರುತ್ತಿದೆ. ನಾನು ಮತ್ತು ಚಿಕ್ಕಪ್ಪನ ಮಗ ಹಿಂದಿನ ರಾತ್ರಿಯ ರೈಲಿನಲ್ಲಿ ಬೆಂಗಳೂರಿಗೆ ಹೊರಡುವುದೆಂದು ನಿಶ್ಚಯಿಸಿದ್ದೇವೆ. ರಾಹುಲ್ ಬ್ಯಾಟ್ ಹಿಡಿದು ಇಳಿಯುವಾಗ ಎದ್ದು ನಿಂತು ಚಪ್ಪಾಳೆ ತಟ್ಟುತ್ತೇವೆ, ಸುಯಶ್ ಕೈಗೆ ಚೆಂಡು ಬಂದ ಕೂಡಲೇ ರಾಹುಲ್ ವಿಕೆಟ್ ಬೀಳಲಿ ಎಂದು ಕೂಗುತ್ತೇವೆ.